ಕಥೆಗೆ ಎಷ್ಟು ಕಂತು ಬೇಕು?

ಇವತ್ತಿನ ಮಾತು ಸೀರಿಯಲ್‌ಗಳ ಬಗ್ಗೆ.

"ಈ ಸೀರಿಯಲ್‌ನೋರು ಯಾಕೆ ಹಿಂಗೆ ಎಳೀತಾರೆ?" ಅಂತ ನಾವೆಲ್ಲ ಕೇಳ್ತಾನೇ ಇರ್ತೀವಿ. ನಟರನ್ನ ಬೈತೀವಿ, ಬರೆಯೋರನ್ನ ಬೈತೀವಿ, ಆಮೇಲೆ ಮೊಬೈಲ್ ತಗೊಂಡು ಬೇರೆ ಏನೋ ನೋಡ್ತೀವಿ. ನನ್ನ ಪ್ರಕಾರ ತೊಂದರೆ ಇರೋದು ಬೇರೆ ಕಡೆ. ಒಂದು ಸರಣಿಯಲ್ಲಿ ಎಲ್ಲಕ್ಕಿಂತ ದೊಡ್ಡ ತೀರ್ಮಾನ ಅಂದ್ರೆ ಕಥೆ ಎಲ್ಲಿ ಮುಗಿಯಬೇಕು ಅನ್ನೋದು. ಆ ತೀರ್ಮಾನ ಕಥೆ ಹೇಳುವವರ ಕೈಯಲ್ಲಿ ಇದೆಯಾ, ಇಲ್ವಾ? ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ನಮಗೆಲ್ಲ ಗೊತ್ತಿರುವ ಉದಾಹರಣೆಯಿಂದ ಶುರು ಮಾಡೋಣ. ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣ್ ಅವರ ಕಥೆಗಳು, ಆಗುಂಬೆಯಲ್ಲಿ ಚಿತ್ರೀಕರಣ, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರ, ಎಲ್. ವೈದ್ಯನಾಥನ್ ಅವರ ಸಂಗೀತ. ಇದನ್ನೆಲ್ಲ ಎಲ್ಲರೂ ಹೇಳ್ತಾರೆ. ಆದ್ರೆ ಅದರ ಅಳತೆಯನ್ನ ಗಮನಿಸಿದ್ದೀರಾ? ಸ್ವಾಮಿಯ ಕಥೆ ಕಾದಂಬರಿ, ಅದಕ್ಕೆ ಹಲವು ಕಂತು ಕೊಟ್ಟರು. ಸಣ್ಣ ಕಥೆಗೆ ಒಂದೇ ಕಂತು.

'ದಿ ಮಿಸ್ಸಿಂಗ್ ಮೇಲ್' ಕಥೆ ತಗೊಳ್ಳಿ. ಪೋಸ್ಟ್‌ಮ್ಯಾನ್ ತಾನಪ್ಪ ಒಂದು ಮನೆಗೆ ಬಂದ ಸಾವಿನ ಸುದ್ದಿಯನ್ನ ತಲುಪಿಸೋದಿಲ್ಲ, ಆ ಮನೆಯ ಹುಡುಗಿಯ ಮದುವೆ ನಿಂತುಹೋಗಬಾರದು ಅಂತ. ಮದುವೆ ಆದಮೇಲೆ ತಾನೇ ಬಂದು ಕೊಡ್ತಾನೆ. ಅಷ್ಟೇ ಕಥೆ. ಇದೇ ವಿಷಯ ಇವತ್ತಿನ ಡೈಲಿ ಸೀರಿಯಲ್‌ಗೆ ಸಿಕ್ಕಿದ್ರೆ ಆರು ತಿಂಗಳ ಟ್ರ್ಯಾಕ್. ಆ ಕಾಗದ ಅತ್ತೆ ಕೈಗೆ ಸಿಗತ್ತೆ, ಅತ್ತೆ ಕೈಯಿಂದ ವಿಲನ್ ಕೈಗೆ ಹೋಗತ್ತೆ, ಮದುವೆ ಮಂಟಪದಲ್ಲಿ ಇನ್ನೇನು ಓದಬೇಕು ಅನ್ನುವಾಗ ಕರೆಂಟ್ ಹೋಗತ್ತೆ! ಆದರೆ ಆ ಕಥೆಯ ಜೀವ ಇರೋದು ಕಾಗದದಲ್ಲಿ ಅಲ್ಲ. ಒಬ್ಬ ಸಾಧಾರಣ ನೌಕರ ನಿಯಮ ಮುರಿದು ಮಾಡಿದ ಒಳ್ಳೇತನ, ಅದರ ಭಾರ. ಅದನ್ನ ಎಳೆದರೆ ಭಾರ ಹೋಗಿ ಬರೀ ಗುಟ್ಟು ಉಳಿಯತ್ತೆ.

ಹಾಗಾದ್ರೆ ಡೈಲಿ ಸೀರಿಯಲ್ ಯಾಕೆ ಹಾಗಿರತ್ತೆ? ಲೆಕ್ಕ ಸರಳ. ಹೊಸ ಸೀರಿಯಲ್ ಅಂದ್ರೆ ಮನೆ ಅಥವಾ ಸೆಟ್, ಕಲಾವಿದರು, ಪ್ರೋಮೋ, ಎಲ್ಲಕ್ಕೂ ಮೊದಲೇ ದುಡ್ಡು ಹಾಕಬೇಕು. ಕಂತು ಹೆಚ್ಚಾದಷ್ಟೂ ಆ ಖರ್ಚು ಹಂಚಿಹೋಗತ್ತೆ. ಓಡ್ತಾ ಇರೋದನ್ನ ನಿಲ್ಲಿಸಿ ಹೊಸದನ್ನ ಶುರು ಮಾಡೋದು ಚಾನೆಲ್‌ಗೆ ರಿಸ್ಕ್. ಜೊತೆಗೆ ಬಾರ್ಕ್ ಸಂಸ್ಥೆಯ ರೇಟಿಂಗ್ ವಾರ ವಾರ ಬರತ್ತೆ. ದೇಶದ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟು ತೆಗೆದ ಅಂದಾಜು ಅದು. ನಂಬರ್ ಏರಿದ್ರೆ ಆ ಟ್ರ್ಯಾಕ್ ಉದ್ದ ಆಗತ್ತೆ, ಇಳಿದ್ರೆ ಕಥೆ ತಿರುಗತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ, ರಿಲೀಸ್ ಡೇಟೇ ಇಲ್ಲದ ಪ್ರಾಜೆಕ್ಟ್, ವಾರ ವಾರ ರಿಕ್ವೈರ್‌ಮೆಂಟ್ ಚೇಂಜ್. ಅದರಲ್ಲಿ ಕೆಲಸ ಮಾಡೋ ಬರಹಗಾರರನ್ನ ಬೈಯೋದು ನ್ಯಾಯ ಅಲ್ಲ.

ಒಂದು ಕೆನ್ನೆಗೆ ಹೊಡೆತ ಬಿದ್ರೆ ಮೂರು ಸಲ ತೋರಿಸೋದು, ಆಮೇಲೆ ಮನೆಯವರ ಮುಖಗಳನ್ನೆಲ್ಲ ಒಂದೊಂದಾಗಿ ತೋರಿಸೋದು, ಇದೂ ಅಲ್ಲಿಂದಲೇ ಬಂದದ್ದು. ವಾರಕ್ಕೆ ಐದಾರು ಕಂತು ತುಂಬಬೇಕಲ್ಲ. ಇನ್ನೊಂದು ಕಾರಣವೂ ಇದೆ, ಅದಕ್ಕೆ ನಾನು ನಗೋದಿಲ್ಲ. ಸೀರಿಯಲ್ ನೋಡೋರಲ್ಲಿ ಎಷ್ಟೋ ಜನ ಅಡುಗೆಮನೆಯಿಂದ ಕೇಳಿಸಿಕೊಳ್ತಾ ಇರ್ತಾರೆ, ಮಧ್ಯೆ ಎರಡು ದಿನ ತಪ್ಪಿರತ್ತೆ. ಹೇಳಿದ್ದನ್ನೇ ಮತ್ತೆ ಹೇಳೋದು ಅವರಿಗೆ ಅನುಕೂಲ.

ಉದ್ದವೇ ತಪ್ಪು ಅಂತಲೂ ನಾನು ಹೇಳ್ತಿಲ್ಲ. 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ವರ್ಷಗಟ್ಟಲೆ ಓಡಿದರೂ ಬೇಜಾರಾಗಲಿಲ್ಲ, ಯಾಕಂದ್ರೆ ಅಲ್ಲಿ ತಮಾಷೆ ಅವತ್ತವತ್ತಿಗೇ ಮುಗೀತಿತ್ತು. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳೂ ಉದ್ದವೇ. ಆದರೆ ಕೋರ್ಟ್ ದೃಶ್ಯದಲ್ಲಿ ವಾದ ಒಂದು ಹೆಜ್ಜೆ ಮುಂದೆ ಹೋಗ್ತಿತ್ತು, ಅದಕ್ಕೇ ನಾಳೆಗೆ ಕಾಯ್ತಿದ್ವಿ. ಭೈರಪ್ಪನವರ 'ಗೃಹಭಂಗ'ವನ್ನ ಗಿರೀಶ್ ಕಾಸರವಳ್ಳಿ ಧಾರಾವಾಹಿ ಮಾಡಿದಾಗ ಕಥೆಗೊಂದು ದಡ ಇತ್ತು. ನಂಜಮ್ಮನ ಬಾಳಿನಲ್ಲಿ ಆದ ಸಾವು ಸಾವೇ, ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ಯಾರೂ ವಾಪಸ್ ಬರಲ್ಲ.

ಹಾಗೇ, ಚಿಕ್ಕದಾದ್ರೆ ಒಳ್ಳೇದು ಅಂತಲೂ ಅಲ್ಲ. 'ಗೇಮ್ ಆಫ್ ಥ್ರೋನ್ಸ್' ಮೊದಲ ಆರು ಸೀಸನ್ ತಲಾ 10 ಕಂತು. ಏಳನೇದು 7, ಕೊನೇದು ಬರೀ 6. ಎಚ್‌ಬಿಒ ಇನ್ನೂ ಮಾಡೋಕೆ ತಯಾರಿತ್ತು, ಮುಗಿಸಿದ್ದು ಮಾಡಿದವರೇ. ಡೆನೇರಿಸ್ ಊರು ಸುಟ್ಟಿದ್ದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಅವಳು ಅಲ್ಲಿಗೆ ಬಂದು ಮುಟ್ಟೋ ದಾರಿಯನ್ನ ನಮಗೆ ತೋರಿಸದೇ ಹೋದದ್ದು ತಪ್ಪು. 'ಬ್ರೇಕಿಂಗ್ ಬ್ಯಾಡ್' 62 ಕಂತಿಗೆ ನಿಂತಿತು. ವಾಲ್ಟರ್ ವೈಟ್ ಹಂತ ಹಂತವಾಗಿ ಕೆಡೋದನ್ನ ನಾವು ಕಣ್ಣಾರೆ ನೋಡಿದ್ವಿ. ಎಳೆಯೋದು, ಓಡಿಸೋದು ಎರಡೂ ಒಂದೇ ಜಾತಿಯ ತಪ್ಪು. ಎರಡರಲ್ಲೂ ಅಳತೆ ಕಥೆಯದಲ್ಲ.

ಈಗ ನಮ್ಮ ವಿಷಯ. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ನಾವು ಕನ್ನಡ ಚಾನೆಲ್ ನೋಡಿದ್ರೆ ಅದು ಲೆಕ್ಕಕ್ಕೆ ಬರೋದು ಕಷ್ಟ. ಕನ್ನಡ ಚಾನೆಲ್‌ಗಳ ರೇಟಿಂಗ್ ನೋಡೋದು ಕರ್ನಾಟಕದ ಮಾರುಕಟ್ಟೆಯಲ್ಲಿ. ಆದರೆ ದುಡ್ಡು ಕೊಟ್ಟು ಆ್ಯಪ್‌ನಲ್ಲಿ ನೋಡಿದ್ದು ಲೆಕ್ಕಕ್ಕೆ ಬರತ್ತೆ, ಎಷ್ಟು ಜನ ಕೊನೇತನಕ ನೋಡಿದ್ರು ಅನ್ನೋದು ಸಮೇತ. ನಮ್ಮ ವೋಟು ಇರೋದು ಅಲ್ಲಿ.

2024ರಲ್ಲಿ 'ಏಕಂ' ಬಂತು. ಕರಾವಳಿಯ ಏಳು ಕಥೆ, ಏಳು ಕಂತು. ಕಥೆ ಮುಗಿದಲ್ಲಿ ಕಂತು ಮುಗಿಯತ್ತೆ, 'ಮಾಲ್ಗುಡಿ'ಯ ಹಾಗೇ. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅಂಥವರಿದ್ದರೂ ದೊಡ್ಡ ಒಟಿಟಿಗಳು ತಗೊಳ್ಳಲಿಲ್ಲ. ಕೊನೆಗೆ ತಂಡದವರು ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದ್ರು. ತಮಿಳಲ್ಲಿ, ಮಲಯಾಳದಲ್ಲಿ ಎಷ್ಟು ಚೆನ್ನಾಗಿ ಸೀರೀಸ್ ಮಾಡ್ತಾರೆ ಅಂತ ನಾವು ಆಫೀಸ್ ಕ್ಯಾಂಟೀನಲ್ಲಿ ಹೊಗಳ್ತೀವಲ್ಲ, ಅವರ ಊರಲ್ಲಿ ದುಡ್ಡು ಕೊಟ್ಟು ನೋಡೋರು ಇದ್ದಾರೆ. ಮನೇಲಿ ಕನ್ನಡ ಕೇಳಲಿ ಅಂತ ಮಕ್ಕಳ ಮುಂದೆ ಏನಾದ್ರೂ ಹಾಕಬೇಕು ಅಂದ್ರೆ, ಮುಗಿಯೋ ಕಥೆಗಳು ನಮ್ಮಲ್ಲೂ ಬರಬೇಕು.

ಅದಕ್ಕೆ ನಾನು ಹೇಳೋದಿಷ್ಟು: ಮುಂದಿನ ಸಲ ಕನ್ನಡದ ಚಿಕ್ಕ ಸರಣಿ ಬಂದಾಗ ಕ್ಲಿಪ್ ನೋಡಿ ಬಿಡಬೇಡಿ. ದುಡ್ಡು ಕೊಟ್ಟು, ಕೊನೇ ಕಂತಿನವರೆಗೂ ನೋಡಿ. ಚೆನ್ನಾಗಿಲ್ಲ ಅಂದ್ರೆ ಆಮೇಲೆ ಧಾರಾಳವಾಗಿ ಬೈಯಿರಿ, ಹಕ್ಕಿದೆ. ಮುಂದಿನ ವಿಡಿಯೋದಲ್ಲಿ ಸಿಗೋಣ, ಬರ್ತೀನಿ.