ಕಸಿಯ ನಂತರದ ಕಾವಲು

ಬೇರೊಬ್ಬರ ಮೂತ್ರಪಿಂಡವೋ ಯಕೃತ್ತೋ ರೋಗಿಯ ದೇಹದಲ್ಲಿ ಕೆಲಸ ಆರಂಭಿಸಿತೆಂದರೆ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೆಂದು ಎಲ್ಲರೂ ಸಮಾಧಾನಪಡುತ್ತೇವೆ. ದಾನಿಯ ಔದಾರ್ಯವೂ ವೈದ್ಯರ ಕೌಶಲವೂ ಸುದ್ದಿಯಾಗುತ್ತವೆ. ಕಸಿಯ ನಿಜವಾದ ಪರೀಕ್ಷೆ ಆರಂಭವಾಗುವುದು ಮಾತ್ರ ಹೊಲಿಗೆ ಬಿಚ್ಚಿದ ಮೇಲೆ.

ಪರಕೀಯವಾದುದನ್ನು ಗುರುತಿಸಿ ನಾಶಮಾಡುವುದು ನಮ್ಮ ರೋಗನಿರೋಧಕ ವ್ಯವಸ್ಥೆಯ ಧರ್ಮ. ಹೊಸ ಅಂಗ ಪ್ರಾಣ ಉಳಿಸಲು ಬಂದದ್ದೆಂಬುದು ಅದಕ್ಕೆ ತಿಳಿಯದು. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ನಡೆಸಿದ ಮೂತ್ರಪಿಂಡ ಕಸಿ ಫಲಿಸಿದ್ದು ದಾನಿ ಮತ್ತು ರೋಗಿ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರಿಗೆ ಈ ಪ್ರತಿರೋಧವನ್ನು ಔಷಧಿಯಿಂದಲೇ ತಗ್ಗಿಸಬೇಕು. ನಾರ್ವೆಯ ಮಣ್ಣಿನಲ್ಲಿ ದೊರೆತ ಶಿಲೀಂಧ್ರವೊಂದರಿಂದ ತೆಗೆದ ಸೈಕ್ಲೋಸ್ಪೋರಿನ್ 1980ರ ದಶಕದಲ್ಲಿ ಕಸಿಯ ಚಿತ್ರವನ್ನೇ ಬದಲಿಸಿತು. ಅಂಗವನ್ನು ತಿರಸ್ಕರಿಸುವ ಟಿ ಕೋಶಗಳನ್ನು ಅದು ಹತೋಟಿಯಲ್ಲಿಡುತ್ತದೆ.

ಆದರೆ ಅದೇ ಟಿ ಕೋಶಗಳಿಗೆ ಇನ್ನೊಂದು ಕಾವಲಿನ ಹೊಣೆಯೂ ಇದೆ. ಉಗಾಂಡಾದ ಮಕ್ಕಳ ದವಡೆಯಲ್ಲಿ ಕಾಣಿಸುತ್ತಿದ್ದ ಗಡ್ಡೆಗಳ ಬಗ್ಗೆ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1961ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ನೀಡಿದರು. ಅದನ್ನು ಕೇಳಿದ ಆಂಥೊನಿ ಎಪ್‌ಸ್ಟೀನ್ ಸಹೋದ್ಯೋಗಿಗಳೊಡನೆ ಆ ಗಡ್ಡೆಯ ಕೋಶಗಳಲ್ಲಿ ಹೊಸ ವೈರಸ್ ಒಂದನ್ನು ಕಂಡು 1964ರಲ್ಲಿ ಪ್ರಕಟಿಸಿದರು. ಅದೇ ಎಪ್‌ಸ್ಟೀನ್-ಬಾರ್ ವೈರಸ್. ಜಗತ್ತಿನ ಶೇ 90ಕ್ಕೂ ಹೆಚ್ಚು ವಯಸ್ಕರ ದೇಹದಲ್ಲಿ ಅದು ಜೀವನವಿಡೀ ಅಡಗಿರುತ್ತದೆ. ಅದರ ನೆಲೆ ಬಿ ಕೋಶಗಳು. ಟಿ ಕೋಶಗಳು ಎಚ್ಚರವಾಗಿರುವವರೆಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಕಾವಲು ಸಡಿಲವಾದರೆ ಸೋಂಕಿತ ಬಿ ಕೋಶಗಳು ಅಂಕೆ ಮೀರಿ ಬೆಳೆದು ಲಿಂಫೋಮಾ, ಅಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್, ಆಗಬಹುದು. ಸೋಂಕೇ ತಗುಲಿರದ ಮಗುವಿಗೆ ಸೋಂಕಿತ ದಾನಿಯ ಅಂಗ ಜೋಡಿಸಿದಾಗ ಅಪಾಯ ಇನ್ನೂ ಹೆಚ್ಚು.

ಕಸಿ ತಜ್ಞ ಥಾಮಸ್ ಸ್ಟಾರ್ಜಲ್ ಮತ್ತು ಸಂಗಡಿಗರು 1984ರಲ್ಲಿ ಅಚ್ಚರಿಯ ಸಂಗತಿಯೊಂದನ್ನು ವರದಿ ಮಾಡಿದರು: ನಿರೋಧಶಕ್ತಿ ಕುಗ್ಗಿಸುವ ಔಷಧಿಯನ್ನು ಕಡಿಮೆ ಮಾಡಿದರೆ ಇಂತಹ ಗಡ್ಡೆಗಳು ಕರಗಬಲ್ಲವು. ಆದರೆ ಔಷಧಿ ಕಡಿಮೆಯಾದರೆ ಅಂಗ ತಿರಸ್ಕೃತವಾಗುವ ಭಯ. ಒಂದು ಕಡೆ ಕ್ಯಾನ್ಸರ್, ಇನ್ನೊಂದು ಕಡೆ ಅಂಗನಷ್ಟ. ವೈದ್ಯರದು ಕತ್ತಿಯಂಚಿನ ನಡಿಗೆ.

ಸಂಶೋಧನೆ ಈಗ ಮೂರನೆಯ ದಾರಿಯನ್ನು ತೋರುತ್ತಿದೆ. ಎಲ್ಲ ಕಾವಲುಗಾರರನ್ನೂ ಎಬ್ಬಿಸುವ ಬದಲು, ಈ ವೈರಸ್ಸನ್ನು ಗುರುತಿಸಬಲ್ಲ ಟಿ ಕೋಶಗಳನ್ನಷ್ಟೇ ಆರೋಗ್ಯವಂತ ದಾನಿಯ ರಕ್ತದಿಂದ ಪಡೆದು, ಪ್ರಯೋಗಾಲಯದಲ್ಲಿ ಬೆಳೆಸಿ ರೋಗಿಗೆ ನೀಡುವುದು. ಈ ತತ್ವದ ‘ಟ್ಯಾಬೆಲೆಕ್ಲ್ಯೂಸೆಲ್’ ಚಿಕಿತ್ಸೆಗೆ ಐರೋಪ್ಯ ಒಕ್ಕೂಟ 2022ರ ಡಿಸೆಂಬರಿನಲ್ಲಿ ಅನುಮತಿ ನೀಡಿತು. ಇತರ ಚಿಕಿತ್ಸೆ ಫಲಿಸದವರಿಗೆ ಇದು ಆಸರೆ.

ಇಂತಹ ದುಬಾರಿ ಚಿಕಿತ್ಸೆ ಸಾಮಾನ್ಯ ರೋಗಿಯನ್ನು ತಲುಪುವವರೆಗೆ ಕಾಯಬೇಕಾಗಿಲ್ಲ. ರಕ್ತದಲ್ಲಿನ ವೈರಸ್ ಪ್ರಮಾಣವನ್ನು ಅಳೆಯುವ ಪರೀಕ್ಷೆಯಿದೆ. ಅಪಾಯ ಹೆಚ್ಚಿರುವವರಿಗೆ ಅದು ಮುನ್ಸೂಚನೆ ನೀಡಬಲ್ಲದು. ಭಾರತದಲ್ಲಿ 1994ರ ಕಾಯ್ದೆ ಅಂಗದಾನಕ್ಕೆ ಕಾನೂನಿನ ಚೌಕಟ್ಟು ಒದಗಿಸಿದೆ. ಆದರೆ ಕಸಿಗೆಂದು ಹಣ ಹೊಂದಿಸುವ ಕುಟುಂಬವೂ ನೆರವು ನೀಡುವ ಸಂಸ್ಥೆಗಳೂ ನಂತರದ ವರ್ಷಗಳ ತಪಾಸಣೆಯ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಬಿಡದ ಜ್ವರ, ಊದಿಕೊಂಡ ಗ್ರಂಥಿ, ಕಾರಣವಿಲ್ಲದೆ ಇಳಿಯುವ ತೂಕ ಕಂಡರೆ ಕಸಿ ತಜ್ಞರನ್ನು ತಡಮಾಡದೆ ಕಾಣಬೇಕೆಂಬುದು ರೋಗಿಗೂ ಊರಿನ ವೈದ್ಯರಿಗೂ ತಿಳಿದಿರಬೇಕು. ಔಷಧಿಯನ್ನು ತಾನಾಗಿಯೇ ನಿಲ್ಲಿಸುವುದಂತೂ ಸಲ್ಲದು.

ಅಂಗದಾನ ಮಹಾದಾನ ನಿಜ. ಪಡೆದ ದಾನವನ್ನು ಉಳಿಸಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ಆ ದಾನ ಅರ್ಧದಲ್ಲೇ ನಿಲ್ಲುತ್ತದೆ.