ಹತ್ತೂ ಹತ್ತರ ವಾಚು, ಕಿಟಕಿಯ ಬೆಳಕು

ಬೆಂಗಳೂರಿಗೆ ಬಂದ ನೆಂಟರನ್ನು ಲಾಲ್‌ಬಾಗಿನ ಹೂವಿನ ಗಡಿಯಾರದ ಮುಂದೆ ನಿಲ್ಲಿಸಿ ಫೋಟೊ ತೆಗೆಸದೆ ಊರಿಗೆ ಕಳಿಸುವಂತಿರಲಿಲ್ಲ. ಹಳೆಯ ಆಲ್ಬಂ ಉಳಿಸಿಕೊಂಡಿರುವ ಮನೆಗಳಲ್ಲಿ ಈಗಲೂ ಅಂಥದ್ದೊಂದು ಸಿಕ್ಕೀತು: ಅತ್ತೆ, ಮಾವ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಮಕ್ಕಳು, ಹಿಂದೆ ಎಚ್‌ಎಂಟಿಯವರು ಕೊಟ್ಟ ಆ ದೊಡ್ಡ ಗಡಿಯಾರ. ಅದೇ ಮಾವನ ಮಣಿಕಟ್ಟಿನಲ್ಲಿದ್ದ ಎಚ್‌ಎಂಟಿ ವಾಚಿನ ಫೋಟೊ ತೆಗೆಯಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಈಗ ಅದನ್ನೇ ಹವ್ಯಾಸ ಮಾಡಿಕೊಂಡವರಿದ್ದಾರೆ. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ, ಡೈನಿಂಗ್ ಟೇಬಲ್ಲನ್ನು ಕಿಟಕಿಗೆ ಎಳೆದುಕೊಂಡು, ಕೀ ಕೊಡುವ ಹಳೆಯ ವಾಚುಗಳನ್ನು ಒಂದೊಂದಾಗಿ ಕ್ಯಾಮೆರಾದ ಮುಂದೆ ಮಲಗಿಸುತ್ತಾರೆ. ಮಧ್ಯಾಹ್ನದ ಊಟಕ್ಕೆ ಟೇಬಲ್ ಖಾಲಿ ಆಗದೆ ಮನೆಯವರ ಕೈಲಿ ಬೈಸಿಕೊಳ್ಳುತ್ತಾರೆ.

ವಾಚು ಕೂಡಿಡುವುದು ಜಗತ್ತಿನಾದ್ಯಂತ ಇರುವ ಹುಚ್ಚು. ನಮ್ಮಲ್ಲಿ ಅದು ಎಚ್‌ಎಂಟಿಯ ಸುತ್ತ ಬೆಳೆದದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ. 1953ರಲ್ಲಿ ಶುರುವಾದ ಹಿಂದೂಸ್ಥಾನ್ ಮಷಿನ್ ಟೂಲ್ಸ್, ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರೂ. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕಾಂಚನ್, ಕೊಹಿನೂರ್ – ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಒಂದು, ಮದುವೆ ಗಂಡಿಗೆ ಒಂದು, ನಿವೃತ್ತರಾಗುವ ಮೇಷ್ಟರಿಗೆ ಶಾಲು ಹಾರದ ಜೊತೆ ಒಂದು. 1980ರ ದಶಕದಲ್ಲಿ ಹೊಸೂರಿನಿಂದ ಟೈಟಾನ್ ಕ್ವಾರ್ಟ್ಸ್ ವಾಚುಗಳು ಬಂದವು. ಕೀ ಕೊಡುವ ಗೊಡವೆಯಿಲ್ಲದೆ ಓಡುವ ವಾಚಿನ ಮುಂದೆ ಎಚ್‌ಎಂಟಿ ಹಿಂದೆ ಬಿತ್ತು. 2016ರ ಜನವರಿಯಲ್ಲಿ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮುಚ್ಚುವ ಸುದ್ದಿ ಹೊರಬಿದ್ದ ಮೇಲೆ ಕೊಳ್ಳುವವರ ನೂಕುನುಗ್ಗಲು. ಇದ್ದಾಗ ಬೇಡವಾದದ್ದು ಹೋಗುವಾಗ ಬೇಕಾಗುವುದು ನಮ್ಮ ಹಳೆಯ ಚಾಳಿ.

ಸಂಗ್ರಹವಿದ್ದ ಮೇಲೆ ಅದರ ಫೋಟೊ ತೆಗೆಯುವುದೇನು ಮಹಾ ಎನ್ನಬಹುದು. ಒಮ್ಮೆ ತೆಗೆದು ನೋಡಿ. ಡಯಲ್ ಬದಲು ನಿಮ್ಮ ಮುಖ, ಮೊಬೈಲು, ತಲೆಯ ಮೇಲಿನ ಟ್ಯೂಬ್‌ಲೈಟು, ಹಿಂದೆ ತಿರುಗುತ್ತಿರುವ ಫ್ಯಾನು, ಎಲ್ಲವೂ ಗಾಜಿನಲ್ಲಿ ಮೂಡಿರುತ್ತವೆ. ಹಳೆಯ ವಾಚಿನ ಗಾಜು ಅಸಲಿಗೆ ಗಾಜಲ್ಲ, ಆಕ್ರಿಲಿಕ್. ಅದು ಸಪಾಟಾಗಿರದೆ ನಡುವೆ ಉಬ್ಬಿರುವುದರಿಂದ ಕೋಣೆಯ ಮೂಲೆ ಮೂಲೆಯ ಬೆಳಕನ್ನೂ ಎಳೆದುಕೊಳ್ಳುತ್ತದೆ. ಅದರ ಕೆಳಗಿನ ಮುಳ್ಳುಗಳು ಹೊಳಪು ಕೊಟ್ಟ ಲೋಹದವು, ಅವೂ ಕನ್ನಡಿಯೇ. ಸುತ್ತಲಿನ ಸ್ಟೀಲ್ ಕೇಸು ಮೂರನೆಯ ಕನ್ನಡಿ. ಹಾಗಾಗಿ ವಾಚಿನ ಫೋಟೊಗ್ರಫಿಯೆಂದರೆ ಮುಕ್ಕಾಲು ಪಾಲು ವಾಚಿಗೆ ಏನು ಕಾಣಬೇಕು, ಏನು ಕಾಣಬಾರದು ಎಂದು ತೀರ್ಮಾನಿಸುವ ಕೆಲಸ. ಕ್ಯಾಮೆರಾದ ಪಾಲು ಉಳಿದ ಕಾಲು.

ಅಂಗಡಿಯವರು ಮೊದಲು ಹಿಡಿಸುವುದು ಪೋಲರೈಸರ್ ಫಿಲ್ಟರನ್ನು, ಅದಿದ್ದರೆ ಪ್ರತಿಫಲನವೇ ಇರುವುದಿಲ್ಲ ಎಂಬ ಮಾತಿನೊಂದಿಗೆ. ಈ ಮಾತು ಅರ್ಧ ನಿಜ. ಗಾಜಿನ ಮೇಲಿನ ಪ್ರತಿಫಲನವನ್ನು ಪೋಲರೈಸರ್ ಚೆನ್ನಾಗಿ ಕತ್ತರಿಸುವುದು ಕ್ಯಾಮೆರಾ ಸುಮಾರು 55 ಡಿಗ್ರಿ ಓರೆಯಲ್ಲಿದ್ದಾಗ. ವಾಚಿನ ನೆತ್ತಿಯ ಮೇಲೆ ನೇರವಾಗಿ ಹಿಡಿದರೆ ಅದರಿಂದ ಹೆಚ್ಚೇನೂ ಆಗದು. ಲೋಹದ ಹೊಳಪನ್ನಂತೂ ಅದು ಮುಟ್ಟುವುದೇ ಇಲ್ಲ. ಆ ದುಡ್ಡಿನಲ್ಲಿ ಸ್ಟೇಷನರಿ ಅಂಗಡಿಯಿಂದ ಬಟರ್ ಪೇಪರ್, ಬಿಳಿಯ ಮತ್ತು ಕಪ್ಪು ಕಾರ್ಡ್‌ಬೋರ್ಡು, ಥರ್ಮಾಕೋಲ್ ಹಲಗೆ ತಂದರೆ ವರ್ಷಗಟ್ಟಲೆ ಸಾಕಾಗುತ್ತದೆ.

ಒಂದು ಪೈಲಟ್ ವಾಚನ್ನೇ ತೆಗೆದುಕೊಳ್ಳೋಣ. ಕಪ್ಪು ಡಯಲ್, ಬಿಳಿಯ ಅಂಕಿಗಳು. ಕಪ್ಪು ಡಯಲಿನ ಮೇಲೆ ಗಾಜಿನ ಪ್ರತಿಫಲನ ಇನ್ನಷ್ಟು ಎದ್ದು ಕಾಣುವುದರಿಂದ ಕಲಿಯಲು ಇದಕ್ಕಿಂತ ಒಳ್ಳೆಯ ಮೇಷ್ಟರಿಲ್ಲ. ಕೋಣೆಯ ದೀಪಗಳೆಲ್ಲ ಆರಬೇಕು. ಬೆಳಕು ಒಂದೇ ಕಿಟಕಿಯಿಂದ, ಅದೂ ನೇರ ಬಿಸಿಲು ಬೀಳದ ಕಿಟಕಿಯಿಂದ ಬರಬೇಕು. ಆಷಾಢದ ಮೋಡ ಕವಿದ ದಿನವಾದರೆ ಆಕಾಶವೇ ಪುಕ್ಕಟೆಯಾಗಿ ಸ್ಟುಡಿಯೊ ಲೈಟು ಒದಗಿಸುತ್ತದೆ. ಬಿಸಿಲಿದ್ದರೆ ಕಿಟಕಿಗೆ ಬಟರ್ ಪೇಪರ್ ಅಂಟಿಸಿ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಬಗ್ಗಿಸಿ ನಿಲ್ಲಿಸಿ, ಕಪ್ಪು ಕಾರ್ಡ್‌ಬೋರ್ಡಿನ ನಡುವೆ ಲೆನ್ಸಿನಷ್ಟಗಲ ತೂತು ಕೊರೆದು ಲೆನ್ಸಿಗೆ ತೊಡಿಸಿದರೆ ಗಾಜಿನಲ್ಲಿ ಕ್ಯಾಮೆರಾ, ಕೈ, ಮುಖ ಮಾಯ. ಡಯಲಿನ ಕಪ್ಪು ನಿಜವಾದ ಕಪ್ಪಾಗುತ್ತದೆ. ಆದರೆ ಮುಳ್ಳುಗಳೂ ಅದೇ ಕಪ್ಪನ್ನು ಪ್ರತಿಫಲಿಸಿ ಡಯಲಿನೊಳಗೆ ಕರಗಿಹೋಗುತ್ತವೆ. ಆಗ ಕಿಟಕಿಯ ಎದುರು ಬದಿಗೆ ಅಂಗೈಯಗಲದ ಬಿಳಿಯ ಕಾರ್ಡು ಹಿಡಿದು, ಮೆಲ್ಲಗೆ ಓರೆ ಮಾಡುತ್ತ ಹೋಗಬೇಕು. ಒಂದು ಕೋನದಲ್ಲಿ ನಿಮಿಷದ ಮುಳ್ಳು ಪಕ್ಕನೆ ಬೆಳಗುತ್ತದೆ. ಕಾರ್ಡನ್ನು ಕೂದಲೆಳೆಯಷ್ಟು ಸರಿಸಿದರೆ ಮತ್ತೆ ಕಪ್ಪು. ಈ ಆಟಕ್ಕೆ ಬಿದ್ದವರು ಊಟ ಮರೆಯುವುದರಲ್ಲಿ ಆಶ್ಚರ್ಯವಿಲ್ಲ.

ಧೂಳಿನ ಕಥೆ ಬೇರೆ. ಬರಿಗಣ್ಣಿಗೆ ಫಳಫಳ ಹೊಳೆಯುವ ವಾಚು ಮ್ಯಾಕ್ರೋ ಲೆನ್ಸಿನಲ್ಲಿ ಜಾತ್ರೆ ಮುಗಿದ ಮಾರನೆಯ ದಿನದ ಮೈದಾನದಂತೆ ಕಾಣುತ್ತದೆ. ಬ್ಲೋವರಿನಿಂದ ಊದಬೇಕು, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಬಾಯಿಂದ ಊದಿದರೆ ಎಂಜಲು ಹಾರಿ ಕೆಲಸ ಎರಡಾಗುತ್ತದೆ.

ಮುಳ್ಳುಗಳನ್ನು ಎಲ್ಲಿ ನಿಲ್ಲಿಸುವುದು? ಜಾಹೀರಾತುಗಳಲ್ಲಿ ವಾಚು ಯಾವಾಗಲೂ ಹತ್ತು ಗಂಟೆ ಹತ್ತು ನಿಮಿಷ ತೋರಿಸುವುದನ್ನು ನೀವು ಗಮನಿಸಿರಬಹುದು. ಅದು ಅಬ್ರಹಾಂ ಲಿಂಕನ್ ತೀರಿಹೋದ ಹೊತ್ತು ಎಂಬ ಕಥೆಯೊಂದು ಚಾಲ್ತಿಯಲ್ಲಿದೆ. ಸುಳ್ಳು. ಅವರಿಗೆ ಗುಂಡು ಬಿದ್ದದ್ದು ರಾತ್ರಿ ಹತ್ತೂಕಾಲರ ಸುಮಾರಿಗೆ, ಪ್ರಾಣ ಹೋದದ್ದು ಮರುದಿನ ಬೆಳಗ್ಗೆ ಏಳು ದಾಟಿದ ಮೇಲೆ. ನಿಜವಾದ ಕಾರಣ ಸರಳ: ಹನ್ನೆರಡರ ಕೆಳಗಿರುವ ಕಂಪನಿಯ ಹೆಸರಿಗೂ, ಮೂರರ ಬಳಿಯಿರುವ ತಾರೀಕಿನ ಕಿಂಡಿಗೂ ಮುಳ್ಳು ಅಡ್ಡ ಬರುವುದಿಲ್ಲ, ಎರಡೂ ಬದಿಗೆ ಸಮತೂಕವೂ ಸಿಗುತ್ತದೆ. ಟೈಮೆಕ್ಸ್ ಕಂಪನಿ ಇನ್ನೂ ನಿಖರ, ಅದರದ್ದು ಹತ್ತು ಗಂಟೆ ಒಂಬತ್ತು ನಿಮಿಷ ಮೂವತ್ತಾರು ಸೆಕೆಂಡು. ಹಾಗೆ ನಿಂತ ಮುಳ್ಳುಗಳು ನಗುಮುಖದಂತೆ ಕಾಣುತ್ತವೆಯೇ ಎಂದು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ 2017ರಲ್ಲಿ ಪ್ರಬಂಧವನ್ನೇ ಬರೆದರು. ವಾಚು ನೋಡಿ ಜನರಿಗೆ ಖುಷಿಯಾಯಿತಂತೆ. ಕೊಳ್ಳುವ ಮನಸ್ಸೂ ಹೆಚ್ಚಿತಂತೆ!

ಗಂಟೆ, ನಿಮಿಷದ ಮುಳ್ಳುಗಳನ್ನು ಬೇಕಾದಲ್ಲಿ ಕೂರಿಸಬಹುದು, ಸೆಕೆಂಡಿನ ಮುಳ್ಳು ಮಾತು ಕೇಳುವುದಿಲ್ಲ. ಅದರ ತೊಂದರೆ ಗೊತ್ತಾಗುವುದು ಫೋಕಸ್ ಮಾಡಲು ಹೊರಟಾಗ. ವಾಚನ್ನು ಇಷ್ಟು ಹತ್ತಿರದಿಂದ ತೆಗೆಯುವಾಗ ಫೋಕಸ್ ಆಗುವ ಆಳ ಹೆಚ್ಚೆಂದರೆ ಕೆಲವೇ ಮಿಲಿಮೀಟರು. ಗಾಜಿನ ಅಂಚಿಗೆ ಫೋಕಸ್ ಮಾಡಿದರೆ ಡಯಲಿನ ಅಕ್ಷರ ಮಸುಕು, ಅಕ್ಷರಕ್ಕೆ ಮಾಡಿದರೆ ಬದಿಯ ಕೀ ಮಸುಕು. ಅದಕ್ಕೆ ಕಂಡುಕೊಂಡ ಉಪಾಯ ಫೋಕಸ್ ಸ್ಟ್ಯಾಕಿಂಗ್. ಮೇಲಿನಿಂದ ಕೆಳಕ್ಕೆ ಫೋಕಸ್ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹಲವು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಎಲ್ಲವುಗಳ ಸ್ಪಷ್ಟ ಭಾಗಗಳನ್ನು ಒಟ್ಟು ಸೇರಿಸುವುದು. ಕೀಟಗಳ ಕಣ್ಣು, ಚಿಟ್ಟೆಯ ರೆಕ್ಕೆ ತೆಗೆಯುವ ಮ್ಯಾಕ್ರೋ ಫೋಟೊಗ್ರಾಫರುಗಳು ಇದನ್ನೇ ಬಳಸುತ್ತಾರೆ. ಸತ್ತ ಕೀಟ ಅಲುಗುವುದಿಲ್ಲ. ಎಚ್‌ಎಂಟಿಯಂಥ ಹಳೆಯ ಯಂತ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ, ಪ್ರತಿ ಮಿಡಿತಕ್ಕೂ ಮುಳ್ಳು ಒಂದು ಹೆಜ್ಜೆ ಮುಂದೆ. ಹತ್ತು ಚಿತ್ರ ಸೇರಿಸುವಷ್ಟರಲ್ಲಿ ಡಯಲಿನ ಮೇಲೆ ಹತ್ತು ದೆವ್ವದ ಮುಳ್ಳುಗಳು ಎದ್ದಿರುತ್ತವೆ. ಪಳಗಿದವರು ಕೀ ಕೊಡದೆ ಬಿಟ್ಟು ವಾಚು ತಾನಾಗಿ ನಿಲ್ಲುವವರೆಗೆ ಕಾದು, ಆಮೇಲೆ ಮುಳ್ಳು ಹೊಂದಿಸುತ್ತಾರೆ. ಅವಸರದವರು ಸ್ಪ್ರಿಂಗಿನಲ್ಲಿ ಬಲ ಕಡಿಮೆಯಿರುವಾಗ ಕೀ ಎಳೆದು ಹಿಮ್ಮುಖವಾಗಿ ಹಗುರಾಗಿ ಒತ್ತಿ ಸೆಕೆಂಡಿನ ಮುಳ್ಳು ನಿಲ್ಲಿಸುತ್ತಾರೆ. ನಿಲ್ಲುತ್ತದೆ, ನಿಜ. ಮುದುಕ ಯಂತ್ರವನ್ನು ಹಾಗೆ ಪೀಡಿಸುವುದು ನನಗೆ ಸರಿಕಾಣುವುದಿಲ್ಲ.

ಇಷ್ಟೆಲ್ಲ ಒದ್ದಾಟ ಚಂದದ ಒಂದು ಚಿತ್ರಕ್ಕಾಗಿ ಮಾತ್ರವೇ ಆಗಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಬರಿಗಣ್ಣು ಒಪ್ಪಿಕೊಂಡುಬಿಡುವ ಸುಳ್ಳನ್ನು ಮ್ಯಾಕ್ರೋ ಲೆನ್ಸು ಒಪ್ಪುವುದಿಲ್ಲ. ನಮ್ಮ ದೇಶದ ಹಳೆಯ ವಾಚುಗಳ ಪೇಟೆಯಲ್ಲಿ ಡಯಲಿಗೆ ಹೊಸದಾಗಿ ಬಣ್ಣ ಬಳಿದು, ಅಕ್ಷರ ಅಚ್ಚೊತ್ತಿ, ನಾಲ್ಕು ವಾಚಿನ ಭಾಗ ಸೇರಿಸಿ ಒಂದು ಮಾಡಿ ಮಾರುವುದು ದೊಡ್ಡ ದಂಧೆ. ಜಗತ್ತಿನ ಸಂಗ್ರಾಹಕರು ಇವುಗಳಿಗೆ ‘ಮುಂಬೈ ಸ್ಪೆಷಲ್’ ಎಂದು ಹೆಸರಿಟ್ಟಿದ್ದಾರೆ, ಹೊಗಳಿಕೆಗಲ್ಲ. ಕಡುನೀಲಿ, ಕಿತ್ತಳೆ, ಗಿಳಿಹಸಿರು ಡಯಲಿನ ಹಳೆಯ ವಾಚು ಹೊಚ್ಚಹೊಸದರಂತೆ ಹೊಳೆಯುತ್ತಿದ್ದರೆ ಅಲ್ಲೇ ಅನುಮಾನ ಪಡಬೇಕು. ಫೋಟೊ ತೆಗೆದು ಹಿಗ್ಗಿಸಿದಾಗ ಗುಟ್ಟು ಬಯಲಾಗುತ್ತದೆ. ಅಸಲಿ ಜನತಾದ ಡಯಲಿನಲ್ಲಿ ‘17 ಜ್ಯುವೆಲ್ಸ್’, ‘ಪ್ಯಾರಾಶಾಕ್’ ಎಂಬ ಅಕ್ಷರಗಳ ಅಂಚು ಚೂಪು, ಶಾಯಿ ಒಂದೇ ದಪ್ಪ. ಬಣ್ಣ ಬಳಿದದ್ದರಲ್ಲಿ ಅಕ್ಷರದ ಹೊಟ್ಟೆ ತುಂಬಿಕೊಂಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರವಾಗಿ ಕೂರುವುದಿಲ್ಲ, ತಾರೀಕಿನ ಕಿಂಡಿಯ ಒಳ ಅಂಚಿಗೆ ಬಣ್ಣ ಇಳಿದಿರುತ್ತದೆ. ಸಂಡೇ ಬಜಾರಿನಲ್ಲಿ ಮಬ್ಬು ಬೆಳಕಿನಲ್ಲಿ ಚೌಕಾಸಿ ಮಾಡುವಾಗ ಇದ್ಯಾವುದೂ ಕಾಣದು. ಕೊಳ್ಳುವ ಮೊದಲು ಮೊಬೈಲಿನಲ್ಲೇ ಒಂದು ಚಿತ್ರ ತೆಗೆದು ಹಿಗ್ಗಿಸಿ ನೋಡುವ ಅಭ್ಯಾಸ ಅದಕ್ಕೇ ಬಂದದ್ದು. ಮೊಬೈಲಿನವರಿಗೊಂದು ಮಾತು: ಹಲವು ಫೋನುಗಳ ಮ್ಯಾಕ್ರೋ ಮೋಡು ಕೆಲಸ ಮಾಡುವುದು ಅಗಲ ಕೋನದ ಲೆನ್ಸಿನಿಂದ. ವಾಚಿನ ಮೂತಿಗೇ ತಾಗಿಸಿ ತೆಗೆದರೆ ಕೇಸು ಸೊಟ್ಟಗಾಗುತ್ತದೆ, ಫೋನಿನ ನೆರಳೂ ಬೀಳುತ್ತದೆ. ಒಂದು ಮೊಳ ಹಿಂದೆ ಸರಿದು ಎರಡು, ಮೂರು ಪಟ್ಟು ಜೂಮ್ ಮಾಡುವುದು ಲೇಸು.

ಹಳೆಯದರ ಜೊತೆಗೆ ಹಳೆಯದರಂತಿರುವ ಹೊಸ ವಾಚುಗಳೂ ಈಗ ಕ್ಯಾಮೆರಾದ ಮುಂದೆ ಬರುತ್ತಿವೆ. ಟ್ಯೂಡರ್ ಬ್ಲ್ಯಾಕ್ ಬೇ 2012ರಲ್ಲಿ ಬಂತು, ಓರಿಸ್ ಡೈವರ್ಸ್ ಸಿಕ್ಸ್‌ಟಿ ಫೈವ್ 2015ರಲ್ಲಿ. ಟೈಮೆಕ್ಸ್ ತನ್ನ 1960ರ ದಶಕದ ಮಾರ್ಲಿನ್ ವಾಚನ್ನು ಅದೇ 34 ಮಿಲಿಮೀಟರ್ ಅಳತೆಯಲ್ಲಿ, ಕೀ ಕೊಡುವ ಯಂತ್ರದೊಂದಿಗೆ 2017ರಲ್ಲಿ ಮತ್ತೆ ಹೊರತಂದಿತು. ಹಿಂದೆ ಕತ್ತಲಲ್ಲಿ ಹೊಳೆಯಲೆಂದು ಬಳಿಯುತ್ತಿದ್ದ ರೇಡಿಯಂ, ಆಮೇಲಿನ ಟ್ರಿಷಿಯಂ ಬಣ್ಣಗಳು ಕಾಲ ಕಳೆದಂತೆ ಕೆನೆಬಣ್ಣಕ್ಕೆ, ಕಂದಿಗೆ ತಿರುಗುತ್ತಿದ್ದವು. ಹೊಸ ವಾಚುಗಳಲ್ಲಿ ಆ ಮುಪ್ಪಿನ ಬಣ್ಣವನ್ನು ಕಾರ್ಖಾನೆಯಲ್ಲೇ ಬಳಿದು ಕಳಿಸುತ್ತಾರೆ! ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಆ ಕೆನೆಬಣ್ಣವನ್ನು ದೋಷವೆಂದು ಬಗೆದು ಬಿಳಿಯತ್ತ ತಿದ್ದಿಬಿಡುವುದುಂಟು. ಮೊದಲು ಅದೇ ಬೆಳಕಿನಲ್ಲಿ ಒಂದು ಬೂದು ಕಾರ್ಡಿನ ಚಿತ್ರ ತೆಗೆದುಕೊಂಡು, ಅದನ್ನೇ ಅಳತೆಗೋಲಾಗಿಟ್ಟು ವೈಟ್ ಬ್ಯಾಲೆನ್ಸ್ ಸರಿಪಡಿಸಬೇಕು. ಇವು ಸುಂದರ ವಾಚುಗಳೇ, ಆದರೆ ಫೋಟೊ ತೆಗೆಯಲು ನನಗೇಕೋ ಅಷ್ಟು ರುಚಿಸುವುದಿಲ್ಲ. ಹಿಗ್ಗಿಸಿ ನೋಡಿದರೆ ಒಂದು ಗೀರೂ ಇರುವುದಿಲ್ಲ, ಇನ್ನೇನು ನೋಡುವುದು.

ಈ ಹವ್ಯಾಸಕ್ಕೂ ಒಂದಷ್ಟು ಸವಕಲು ಚಾಳಿಗಳಿವೆ. ವಾಚಿನ ಸುತ್ತ ಹುರಿದ ಕಾಫಿ ಬೀಜ ಚೆಲ್ಲುವುದು, ಪಕ್ಕದಲ್ಲಿ ಇಂಕ್ ಪೆನ್ನು, ಹಳದಿ ಕಾಗದ, ಚರ್ಮದ ಡೈರಿ ಇಡುವುದು. ಚಿಕ್ಕಮಗಳೂರಿನ ಬೀಜವೇ ಆದರೂ ವಾಚಿಗೂ ಕಾಫಿಗೂ ಏನು ಸಂಬಂಧ? ಅದಕ್ಕಿಂತ ಎಲ್ಲ ವಾಚುಗಳನ್ನೂ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ, ಒಂದೇ ಬೂದು ಕಾಗದದ ಮೇಲೆ ಮುಂದೆ, ಹಿಂದೆ, ಬದಿಯಿಂದ ತೆಗೆದಿಟ್ಟರೆ ನಿಜವಾದ ದಾಖಲೆಯಾಗುತ್ತದೆ. ಆಗಲೇ ಜನತಾದ ಹಿಂದಿ ಅಕ್ಷರದ ಡಯಲಿಗೂ ಇಂಗ್ಲಿಷ್ ಡಯಲಿಗೂ ಇರುವ ವ್ಯತ್ಯಾಸವನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಮೂಲ ವಾಚುಗಳನ್ನೇ ಸಾಲಾಗಿ ನೋಡಬೇಕೆಂದರೆ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಹೆರಿಟೇಜ್ ಸೆಂಟರ್ ಇದೆ.

ಹಿಂದಿನ ಮುಚ್ಚಳದ ಒಳಮೈಯ ಚಿತ್ರವನ್ನು ಮಾತ್ರ ಮರೆಯಬೇಡಿ. ಮುಚ್ಚಳವನ್ನು ನೀವೇ ಬಿಚ್ಚಲು ಹೋಗದೆ ರಿಪೇರಿಯವರ ಕೈಲಿ ಬಿಚ್ಚಿಸಿ. ವಾಚು ರಿಪೇರಿ ಮಾಡುವವರು ತಾವು ಕೆಲಸ ಮಾಡಿದ ತಾರೀಕು, ತಮ್ಮ ಗುರುತು ಇವನ್ನು ಅಲ್ಲಿ ಸೂಜಿಮೊನೆಯಲ್ಲಿ ಗೀರಿಡುವ ರೂಢಿಯಿದೆ. ಟಾರ್ಚನ್ನು ಬದಿಯಿಂದ, ಮುಚ್ಚಳಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದರೆ ಆ ಗೀರುಗಳು ಓದುವಷ್ಟು ಸ್ಪಷ್ಟವಾಗಿ ಎದ್ದುಬರುತ್ತವೆ. ಒಂದು ವಾಚು ಎಷ್ಟು ಸಲ ನಿಂತಿತ್ತು, ಯಾವ ವರ್ಷ ಮತ್ತೆ ಓಡಿತು ಎಂಬ ಲೆಕ್ಕ ಬೇರೆಲ್ಲೂ ಸಿಗುವುದಿಲ್ಲ.

ನಿಮ್ಮ ಮನೆಯ ಬೀರುವಿನಲ್ಲೂ ಅಂಥದ್ದೊಂದು ವಾಚು ಇದ್ದೀತು. ವರ್ಷಗಳಿಂದ ಮಲಗಿದ್ದರೆ ಒಳಗಿನ ಎಣ್ಣೆ ಒಣಗಿರುತ್ತದೆ, ಬಲವಂತವಾಗಿ ಕೀ ಕೊಡಬೇಡಿ. ರಿಪೇರಿಗೆ ಕೊಡುವ ಮುಂಚೆಯೇ, ಗೀರು ಬಿದ್ದ ಗಾಜು, ಬೆವರಿಗೆ ಕಪ್ಪಾದ ಬೆಲ್ಟು ಹೇಗಿವೆಯೋ ಹಾಗೇ ಫೋಟೊ ತೆಗೆದುಕೊಳ್ಳಿ. ಅಂಗಡಿಯಿಂದ ವಾಪಸು ಬರುವಾಗ ಗಾಜು ಹೊಸದಾಗಿರುತ್ತದೆ, ಕೇಸಿಗೆ ಪಾಲಿಶ್ ಬಿದ್ದಿರುತ್ತದೆ, ಡಯಲ್ ಕೂಡ ಬದಲಾಗಿರಬಹುದು. ಚಿತ್ರದ ಒಂದು ಪ್ರಿಂಟ್ ಹಾಕಿಸಿ, ಹಿಂದೆ ಅದು ಯಾರ ವಾಚು, ಯಾವಾಗ ಕೊಂಡದ್ದು, ಯಾರು ಕೊಡಿಸಿದ್ದು ಎಂದು ಬರೆದಿಡಿ. ಹೇಳುವವರು ಮನೆಯಲ್ಲಿರುವಾಗಲೇ ಕೇಳಿ ಬರೆದುಕೊಳ್ಳಿ.