ಕಂಡೀಶನರ್‌ನಲ್ಲಿ ಆಲ್ಕೋಹಾಲ್: ಗುಸ್ಲ್ ಸಿಂಧುವೇ?

ಕಳೆದ ಜುಮಾ ಬಳಿಕ ಸಹೋದರರೊಬ್ಬರು ಕೂದಲಿಗೆ ಹಚ್ಚುವ ಕಂಡೀಶನರ್ ಬಾಟಲಿ ತಂದರು. ಅದರ ಹಿಂಬದಿಯಲ್ಲಿ 'ಸೀಟೈಲ್ ಆಲ್ಕೋಹಾಲ್' ಎಂದಿತ್ತು. "ಉಸ್ತಾದರೇ, ಮನೆಯವಳು ಒಂದು ವರ್ಷದಿಂದ ಇದನ್ನೇ ಬಳಸುತ್ತಿದ್ದಾಳೆ. ಅಷ್ಟೂ ನಮಾಝ್ ಕಝಾ ಮಾಡಬೇಕೇ ಎಂದು ಅಳುತ್ತಿದ್ದಾಳೆ" ಎಂದರು. ಈ ಆತಂಕ ಹಲವು ಮನೆಗಳಲ್ಲಿದೆ. ಆದ್ದರಿಂದ ಇಲ್ಲಿ ವಿವರಿಸುತ್ತೇನೆ.

ರಸಾಯನಶಾಸ್ತ್ರದಲ್ಲಿ ಆಲ್ಕೋಹಾಲ್ ಎಂಬುದು ಒಂದು ದೊಡ್ಡ ಕುಟುಂಬದ ಹೆಸರು. ಅರಬಿಯ 'ಅಲ್ ಕುಹ್ಲ್', ಅಂದರೆ ನಾವು ಕಣ್ಣಿಗೆ ಹಚ್ಚುವ ಸುರ್ಮಾ, ಈ ಪದದ ಮೂಲ. ಅಮಲು ತರುವ ಈಥೈಲ್ ಆಲ್ಕೋಹಾಲ್‌ನ ಅಣುವಿನಲ್ಲಿ 2 ಇಂಗಾಲದ ಪರಮಾಣುಗಳಿವೆ. ಸೀಟೈಲ್‌ನಲ್ಲಿ 16, ಸ್ಟಿಯರಿಲ್‌ನಲ್ಲಿ 18. ಸರಪಳಿ ಉದ್ದವಾದಂತೆ ಗುಣವೇ ಬದಲಾಗುತ್ತದೆ. ಇವೆರಡೂ ಮೇಣದಂತಹ ಬಿಳಿ ಗಟ್ಟಿ ವಸ್ತುಗಳು. ನೀರಿನಲ್ಲಿ ಕರಗುವುದಿಲ್ಲ, ಅಮಲೂ ತರುವುದಿಲ್ಲ. ಕೂದಲು ನುಣುಪಾಗಲು ಇವನ್ನು ಸೇರಿಸುತ್ತಾರೆ. ಗ್ಲಿಸರಿನ್ ಕೂಡ ಇದೇ ಕುಟುಂಬದ್ದು.

ನಿಜವಾಗಿ ನೋಡಬೇಕಾದದ್ದು ಕೊಬ್ಬಿನ ಮೂಲವನ್ನು. ಎಣ್ಣೆ ಅಥವಾ ಕೊಬ್ಬಿಗೆ ಕಾಸ್ಟಿಕ್ ಸೋಡಾ ಸೇರಿದಾಗ ಸಾಬೂನು ಮತ್ತು ಗ್ಲಿಸರಿನ್ ಉಂಟಾಗುತ್ತವೆ. ಲೇಬಲ್‌ನಲ್ಲಿ 'ಸೋಡಿಯಂ ಪಾಮೇಟ್' ಎಂದರೆ ತಾಳೆ ಎಣ್ಣೆಯದು, 'ಸೋಡಿಯಂ ಕೊಕೊಯೇಟ್' ಎಂದರೆ ತೆಂಗಿನೆಣ್ಣೆಯದು. 'ಸೋಡಿಯಂ ಟ್ಯಾಲೋವೇಟ್' ಎಂದಿದ್ದರೆ ಪ್ರಾಣಿಯ ಕೊಬ್ಬಿನದು. ನಜಸಾದ ಕೊಬ್ಬು ಸಾಬೂನಾದಾಗ ಅದರ ಸ್ವರೂಪವೇ ಬದಲಾಗಿ ಶುದ್ಧವಾಗುತ್ತದೆ ಎಂಬುದು ಹನಫೀ ಮದ್ಸ್‌ಹಬಿನ ಫತ್ವಾ. ಶಾಫಿಈ ಮದ್ಸ್‌ಹಬಿನಲ್ಲಿ ಮದ್ಯ ತಾನಾಗಿ ವಿನೆಗರ್ ಆಗುವಂತಹ ಕೆಲವೇ ಸಂದರ್ಭಗಳನ್ನು ಬಿಟ್ಟರೆ ಇದನ್ನು ಒಪ್ಪುವುದಿಲ್ಲ. ಆದ್ದರಿಂದ ಶಾಫಿಈಗಳು ಸಸ್ಯಜನ್ಯ ಸಾಬೂನನ್ನು ಆರಿಸುವುದು ಒಳಿತು.

ಗ್ಲಿಸರಿನ್ ಮತ್ತು ಸೀಟೈಲ್ ಸಸ್ಯದಿಂದಲೂ ಬರುತ್ತವೆ, ಪ್ರಾಣಿಯ ಕೊಬ್ಬಿನಿಂದಲೂ ಬರುತ್ತವೆ. ಮೂಲ ತಿಳಿಯದಿದ್ದರೆ ವಸ್ತು ಶುದ್ಧವೆಂದೇ ಪರಿಗಣಿಸಬೇಕು. ಬರೀ ಸಂಶಯದಿಂದ ಅದು ನಜಸಾಗುವುದಿಲ್ಲ.

ಸೆಂಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಈಥೈಲ್ ಆಲ್ಕೋಹಾಲೇ. ಅದರ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ನಿಮ್ಮ ಮೊಹಲ್ಲಾದ ಉಸ್ತಾದರನ್ನು ಕೇಳಿ.

ಆ ಸಹೋದರಿ ಒಂದು ನಮಾಝನ್ನೂ ಕಝಾ ಮಾಡಬೇಕಿಲ್ಲ. ಮುಂದೆಯೂ ಒಂದು ರೂಢಿ ಇರಲಿ: ಮೊದಲು ಸಾಬೂನು, ಶಾಂಪೂ, ಕಂಡೀಶನರ್ ಎಲ್ಲವನ್ನೂ ತೊಳೆದುಬಿಡಿ. ಬಳಿಕ ನಿಯ್ಯತ್ ಮಾಡಿ, ಕೂದಲಿನ ಬುಡದವರೆಗೆ ತಲುಪುವಂತೆ ಬರಿಯ ಶುದ್ಧ ನೀರನ್ನು ಮೈಯೆಲ್ಲಾ ಹರಿಸಿ. ಗುಸ್ಲ್ ಪೂರ್ಣಗೊಳ್ಳುವುದು ಆ ನೀರಿನಿಂದ. ಅಲ್ಲಾಹನು ನಮ್ಮ ಮೈಯನ್ನೂ ಮನಸ್ಸನ್ನೂ ಶುದ್ಧವಾಗಿಡಲಿ, ಆಮೀನ್.